ನೀರಿನ ಮನೆಯ ಒಂಬತ್ತು ಕಾಗದಗಳು

ಬಂಡಿಹಟ್ಟಿಯ ಜನ ಅದನ್ನು ನೀರಿನ ಮನಿ ಅನ್ನುತ್ತಿದ್ದರು. ಅದರೊಳಗೆ ಕುಡಿಯುವುದಕ್ಕೂ ಒಂದು ತಂಬಿಗೆ ನೀರಿರಲಿಲ್ಲ ಅನ್ನುವುದು ಬೇರೆ ಮಾತು. ಹೆಸರಿಟ್ಟವರ ತಪ್ಪಲ್ಲ, ಅವರಿಗೆ ಹಾಗೆ ಹೇಳಿದ್ದರು. ಹೇಳಿದವನು ಹೊರಗಿನವನೂ ಅಲ್ಲ, ಅದೇ ಹಟ್ಟಿಯ ಕುರಿಗಾರ ಪರಮಣ್ಣನ ಒಬ್ಬನೇ ಮಗ ಕನಕಪ್ಪ. ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನು ಸುಳ್ಳು ಹೇಳುತ್ತಾನೆಂದು ಯಾರು ತಿಳಿದಾರು?

ಹಟ್ಟಿ ಇದ್ದದ್ದು ದೇವದುರ್ಗದಿಂದ ಗೂಗಲ್ಲಿಗೆ ಹೋಗುವ ದಾರಿಯಲ್ಲಿ, ಕೃಷ್ಣೆಗೆ ಒಂದು ಹರದಾರಿ ಇತ್ತಲಾಗಿ. ಅದರ ಬೆನ್ನಿಗೆ ಬೋಳು ಬಂಡೆಯ ಗುಡ್ಡ. ಗುಡ್ಡದ ಬುಡದಲ್ಲಿ 1981ರಲ್ಲಿ ಒಂದೇ ಕೋಣೆಯ ಆ ಮನೆ ಕಟ್ಟಿದರು. ಬಂಡೆಯನ್ನು ಆಳುದ್ದ ಕೊರೆದು ಗುಂಡಿಯೊಳಗೆ ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟರು. ಅಲ್ಲಿಂದ ಬಂದ ತಂತಿ ಕೋಣೆಯೊಳಗಿನ ಉರುಳೆಗೆ ಸೇರುತ್ತಿತ್ತು. ಉರುಳೆಗೆ ಮಸಿ ಹಿಡಿಸಿದ ಕಾಗದ ಸುತ್ತಬೇಕು. ಅದು ನಿಧಾನಕ್ಕೆ ತಿರುಗುವಾಗ ಒಂದು ಸೂಜಿ ಮಸಿಯನ್ನು ಕೆರೆಯುತ್ತ ಬಿಳಿಗೆರೆ ಎಳೆಯುತ್ತದೆ. ನೆಲ ಅಲುಗಿದರೆ ಗೆರೆ ಅಲುಗುತ್ತದೆ. ಚಿಮಣಿ ಹೊಗೆಗೆ ಕಾಗದ ಹಿಡಿದು ಒಂದೇ ಸಮ ಮಸಿ ಕೂರಿಸುವುದು ಪಟ್ಟಣದ ಹುಡುಗರ ಕೈಯಲ್ಲಿ ಆಗಿರಲಿಲ್ಲ. ಕನಕಪ್ಪನಿಗೆ ಅದು ಸಲೀಸು. ಅವನ ತಾಯಿ ಜಂಬಮ್ಮ ಹರಳೆಣ್ಣೆ ದೀಪದ ಮೇಲೆ ತಾಟು ಬೋರಲು ಹಾಕಿ ಕಾಡಿಗೆ ಹಿಡಿಯುವುದನ್ನು ನೋಡಿ ಬೆಳೆದವನು ಅವನು. ನೌಕರಿ ಸಿಕ್ಕಿದ್ದೇ ಆ ಕೈಗುಣದಿಂದ.

ಇಷ್ಟಕ್ಕೂ ಆ ಯಂತ್ರ ಹುಡುಕುತ್ತಿದ್ದದ್ದು ನೀರನ್ನಲ್ಲ. ರಾಯಚೂರಿನಲ್ಲಿ ವಿಶ್ವವಿದ್ಯಾಲಯದ ಭೂವಿಜ್ಞಾನದ ಶಾಖೆಯೊಂದು ಆಗ ಇತ್ತು ಎಂದರೆ ಇತ್ತು. ಸ್ಟೇಶನ್ ರಸ್ತೆಯಲ್ಲಿ ಬಾಡಿಗೆ ಮನೆ, ಮುರಿದ ಬೆಂಚು, ಹದಿನೈದು ವಿದ್ಯಾರ್ಥಿಗಳಿಗೆ ಒಂದು ಸೂಕ್ಷ್ಮದರ್ಶಕ. ಅದರ ಮುಖ್ಯಸ್ಥರು ಪ್ರೊಫೆಸರ್ ಹನುಮಂತ್ರಾಯರು, ಮಾನ್ವಿ ಹತ್ತಿರದ ನೀರಮಾನ್ವಿಯವರು, ಒಳ್ಳೆಯವರು. ಇದ್ದುದರಲ್ಲೇ ನಾಲ್ಕು ಬಡ ಹುಡುಗರನ್ನು ದಡ ಸೇರಿಸಬೇಕೆಂಬ ಹಂಬಲದವರು. ಅವರನ್ನು ಹುಡುಕಿಕೊಂಡು ದಿಲ್ಲಿಯಿಂದ ರಕ್ಷಣಾ ಖಾತೆಯ ಸಾಹೇಬರು ಬಂದರು. ದೂರದ ದೇಶದವರು ಯಾರಾದರೂ ನೆಲದೊಳಗೆ ಬಾಂಬು ಸಿಡಿಸಿ ನೋಡಿದರೆ ಅದರ ನಡುಕ ಈ ಸೀಮೆಯ ಗಟ್ಟಿ ಬಂಡೆಗೂ ಮುಟ್ಟುತ್ತದಂತೆ. ರೈಲಿಲ್ಲದ, ಗಿರಣಿ ಇಲ್ಲದ, ಸದ್ದಿಲ್ಲದ ಜಾಗ ಅವರಿಗೆ ಬೇಕಿತ್ತು. ಜಾಗದ ಜೊತೆಗೆ ವಿಶ್ವವಿದ್ಯಾಲಯದ ಹೆಸರೂ ಬೇಕಿತ್ತು. ಮಿಲಿಟರಿಯವರು ಬಂದರೆ ಹಳ್ಳಿಯವರು ಯಾಕೆಂದು ಕೇಳುತ್ತಾರೆ. ಕಾಲೇಜಿನವರು ಬಂದರೆ ಮಜ್ಜಿಗೆ ಕೊಡುತ್ತಾರೆ.

ಒಪ್ಪಂದವಾಯಿತು. ದಿಲ್ಲಿಯವರು ಜೀಪು ಕೊಟ್ಟರು, ಯಂತ್ರ ಕೊಟ್ಟರು, ಮುಂದೆ ಒಂದು ಸ್ವಂತ ಕಟ್ಟಡ ಕೊಡುತ್ತೇವೆಂದರು. ವಿಶ್ವವಿದ್ಯಾಲಯ ತನ್ನ ಹೆಸರು ಕೊಟ್ಟಿತು, ಬಾಯಿಗೆ ಬೀಗ ಹಾಕಿಕೊಂಡಿತು. ದಿನದಿನದ ಕಾಗದವನ್ನೆಲ್ಲ ಕೂಡಿಟ್ಟು ಮೊಹರು ಹಾಕಿದ ಪೆಟ್ಟಿಗೆಯಲ್ಲಿ ದಿಲ್ಲಿಗೆ ಕಳಿಸಬೇಕು. ಅದನ್ನು ವಿದ್ಯಾರ್ಥಿಗಳಿಗೆ ತೋರಿಸುವಂತಿಲ್ಲ, ಪಾಠ ಮಾಡುವಂತಿಲ್ಲ. ಕಲಿಸುವುದಕ್ಕಾಗಿ ಇರುವ ಜಾಗ, ಕಲಿಸದೆ ಇರುವುದಕ್ಕೆ ಸಹಿ ಹಾಕಿತು. ಕನಕಪ್ಪನೂ ಹಾಕಿದ. ಎರಡು ವರ್ಷ ನೀರಿನ ಮನೆ ನೋಡಿಕೊಂಡರೆ ಎಂ.ಎಸ್ಸಿ. ಸೀಟು, ಆಮೇಲೆ ಡಾಕ್ಟರೇಟು ಎಂದು ಹನುಮಂತ್ರಾಯರು ಮಾತು ಕೊಟ್ಟಿದ್ದರು. ಕಾಗದದ ಮೇಲೆ ಮೂಡಿದ್ದನ್ನು ಹೆತ್ತವರಿಗೂ ಹೇಳುವುದಿಲ್ಲ ಎಂಬುದು ಒಂದನೆಯ ಷರತ್ತು. ಎರಡನೆಯದು ಅವನಿಗೆ ಹೆಚ್ಚು ಕಷ್ಟದ್ದು. ಗುಡ್ಡದ ಮೇಲಿನ ಓಗಲ್ಲನ್ನು ಯಾರೂ ಬಡಿಯಬಾರದು.

ಓಗಲ್ಲು ಎಂದರೆ ಗುಡ್ಡದ ನೆತ್ತಿಯಲ್ಲಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿರುವ ಒಂದು ಕರಿಯ ಗುಂಡು. ಸಣ್ಣ ಕಲ್ಲಿನಿಂದ ಹೊಡೆದರೆ ಗಂಟೆಯಂತೆ ದನಿ ಕೊಡುತ್ತದೆ. ಹಟ್ಟಿಯ ಪ್ರತಿ ಮನೆಗೂ ಒಂದೊಂದು ಪೆಟ್ಟು ಇತ್ತು. ಪರಮಣ್ಣನ ಮನೆಯದು ಮೂರು: ಎರಡು ಜೋಡಿ, ಒಂದು ತಡೆದು. ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿರುವವರು ತಿರುಗಿ ಬರುವಾಗ ಮನೆಯವರು ಹತ್ತಿ ಹೊಡೆಯುತ್ತಿದ್ದರು, ಮನೆಯಲ್ಲಿ ಎಲ್ಲ ಕ್ಷೇಮ, ಬಾ ಎಂದು. ಸತ್ತವರಿಗೂ ಹೊಡೆಯುತ್ತಿದ್ದರು. ಹೊರಗೆ ಸತ್ತ ಕುರಿಗಾರನಿಗೆ ತಾನು ಸತ್ತದ್ದು ಗೊತ್ತಿರುವುದಿಲ್ಲವಂತೆ. ಮಣ್ಣಿಗಿಟ್ಟ ಮೇಲೂ ಎದ್ದು ಊರ ದಾರಿ ಹಿಡಿಯುತ್ತಾನಂತೆ. ಒಂಬತ್ತು ದಿನ ನಡು ಮಧ್ಯಾಹ್ನ ಮನೆಯವರು ತಮ್ಮ ಪೆಟ್ಟು ಹೊಡೆಯಬೇಕು. ಅದನ್ನು ಕೇಳಿದರೆ ಬಂದು, ತನ್ನ ಕಟ್ಟೆಯ ಮೇಲೆ ಕೂತು, ಆದದ್ದನ್ನು ತಿಳಿದುಕೊಂಡು ಸುಮ್ಮನಾಗುತ್ತಾನೆ. ಕೇಳದಿದ್ದರೆ ಇದು ತನ್ನ ಊರಲ್ಲ ಎಂದುಕೊಂಡು ಮುಂದೆ ನಡೆಯುತ್ತಾನೆ. ಆಮೇಲೆ ಆ ನಡಿಗೆಗೆ ಕೊನೆ ಇಲ್ಲ.

ನೀರು ಸಿಗುವ ತನಕ ಕಲ್ಲು ಬಡಿಯುವುದು ಬೇಡ ಎಂದು ಕನಕಪ್ಪ ಹಿರಿಯರ ಮುಂದೆ ಕೈಮುಗಿದು ಕೇಳಿಕೊಂಡಾಗ ಎಲ್ಲರೂ ಹೂಂ ಅಂದರು. ಬಾವಿ ಬತ್ತಿದ ಹಟ್ಟಿ, ಹೂಂ ಅನ್ನದೆ ಏನು ಮಾಡೀತು? ಪರಮಣ್ಣ ಒಬ್ಬ ಮಾತ್ರ ಎಡಗಾಲು ನೀವಿಕೊಳ್ಳುತ್ತ ನಕ್ಕ. ಆ ಕಾಲು ಚಿಕ್ಕಂದಿನಲ್ಲೇ ಮುರಿದು ಗಿಡ್ಡಾಗಿ ಕೂಡಿಕೊಂಡಿತ್ತು.

"ನಾವು ಕಲ್ಲು ಬಡದ್ರ ನೆಲದಾಗಿನ ನೀರೇನು ಹೆದರಿ ಓಡಿ ಹೋಗತದೇನಪ್ಪಾ?" ಅಂದ. "ಇರಲಿ. ಕಲತವ ನೀನು ಹೇಳ್ತಿ ಅಂದ್ರ ಬಿಡತೀವಿ."

ಮಗನ ಮಾತಿಗೆ ಬಿಟ್ಟ. ಬಿಟ್ಟದ್ದಕ್ಕೆ ಕನಕಪ್ಪನಿಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ವರ್ಷ ಒಪ್ಪತ್ತಿನಲ್ಲಿ ಅವನಿಗೆ ಕಾಗದ ಓದುವುದು ಎಷ್ಟು ರೂಢಿಯಾಯಿತೆಂದರೆ ಹನುಮಂತ್ರಾಯರೇ ಬೆರಗಾದರು. ಹತ್ತಿರದಲ್ಲಿ ನಡೆದದ್ದೆಲ್ಲ ಗೆರೆಯಲ್ಲಿ ಮೂಡುತ್ತಿತ್ತು. ಬಂಡಿ ಹೋದರೆ ಹೀಗೆ, ಎಮ್ಮೆ ಹೋದರೆ ಹಾಗೆ. ಕುರಿ ಹಿಂಡು ಹೋದರೆ ಗೆರೆ ನುಚ್ಚಾಗುತ್ತಿತ್ತು. 1982ರ ದೀಪಾವಳಿ ಮುಗಿದ ಮೇಲೆ ಪರಮಣ್ಣ ತನ್ನ ದಾಯಾದಿ ಗದ್ದೆಪ್ಪನ ಜೊತೆ ಕುರಿ ಹೊಡೆದುಕೊಂಡು ಮಾನ್ವಿ ಕಡೆ ಹೊರಟ. ಅಲ್ಲಿ ಕಾಲುವೆ ನೀರಿನ ಹೊಲಗಳಲ್ಲಿ ಕುಯಿಲು ಮುಗಿದಿರುತ್ತದೆ, ಹೊಲದವರು ಕರೆದು ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲೇ ಕುರಿ ತರುಬಿಸಿಕೊಳ್ಳುತ್ತಾರೆ. ಅವತ್ತಿನ ಕಾಗದದಲ್ಲಿ ನುಚ್ಚಿನ ಹಿಂದೆ ಬೇರೆಯೇ ಒಂದು ಗುರುತು ಹೋಗಿತ್ತು: ಒಂದು ದೊಡ್ಡ ಹೆಜ್ಜೆ, ಒಂದು ಗಿಡ್ಡ ಹೆಜ್ಜೆ, ಒಂದು ಕೋಲಿನ ಚುಕ್ಕೆ. ದೊಡ್ಡದು, ಗಿಡ್ಡದು, ಚುಕ್ಕೆ. ಹೋಗುತ್ತ ಹೋಗುತ್ತ ಸಣ್ಣಗಾಗಿ, ಒಂದು ಫರ್ಲಾಂಗು ಆಚೆ ಇಲ್ಲವಾಗಿತ್ತು. ಕನಕಪ್ಪ ಭೂತಗನ್ನಡಿ ಹಿಡಿದು ಅದನ್ನು ಬಹಳ ಹೊತ್ತು ನೋಡಿದ. ಅಪ್ಪನ ಫೋಟೋ ಒಂದೂ ಇರಲಿಲ್ಲ ಅವರ ಮನೆಯಲ್ಲಿ.

ಮುಂದಿನ ಮಾಘದ ಕೊನೆಗೆ ದಿಲ್ಲಿಯಿಂದ ಆದೇಶ ಬಂತು. ಎಲ್ಲೋ ಏನೋ ಆಗುವುದಿದೆ, ಏನೆಂದು ಕೇಳಬೇಡಿ, ಹತ್ತು ದಿನ ಆ ಬಂಡೆಯ ಸುತ್ತ ಸೂಜಿ ಬಿದ್ದ ಸದ್ದೂ ಆಗಬಾರದು. ಹಟ್ಟಿಯ ಬಂಡಿಗಳನ್ನು ಸುತ್ತು ದಾರಿಗೆ ಹಾಕಿದರು. ಖಾಕಿ ತೊಟ್ಟ ಇಬ್ಬರು ಕಾವಲುಗಾರರು ಗೂಗಲ್ ದಾರಿಯ ತಿರುವಿನಲ್ಲಿ ಬಿದಿರು ಅಡ್ಡ ಕಟ್ಟಿ ಕೂತರು. ನೀರಿನ ಕೆಲಸ ನಡೆದಿದೆ, ಪರಊರಿನವರು ಬರುವಂತಿಲ್ಲ ಎಂದರು. ಕನಕಪ್ಪ ಹತ್ತು ದಿನ ನೀರಿನ ಮನೆ ಬಿಟ್ಟು ಕದಲುವಂತಿರಲಿಲ್ಲ.

ಮೊದಲನೆಯ ದಿನದ ಕಾಗದದಲ್ಲಿ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಗೆರೆ ಒಂದಿಷ್ಟು ನಡುಗಿತ್ತು. ಭೂತಗನ್ನಡಿ ಹಿಡಿದ. ಕೂದಲೆಳೆಯಷ್ಟು ಸಣ್ಣಗೆ: ದೊಡ್ಡದು, ಗಿಡ್ಡದು, ಚುಕ್ಕೆ.

ಅಪ್ಪ ಬಂದ ಎಂದುಕೊಂಡು ಹೊರಗೆ ಓಡಿದ. ರಣಬಿಸಿಲು. ಬಂಡೆಯ ಮೇಲೆ ಗಾಳಿ ಕುದಿಯುತ್ತಿತ್ತು. ಅರ್ಧ ಹರದಾರಿ ದೂರ ಕಣ್ಣು ಹಾಯುವ ಬಯಲಿನಲ್ಲಿ ಒಂದು ನಾಯಿಯೂ ಇರಲಿಲ್ಲ. ಯಂತ್ರದ ತಂತಿ ನೋಡಿದ, ತಿರುಪು ನೋಡಿದ, ಎಲ್ಲ ಸರಿ ಇತ್ತು. ಎರಡನೆಯ ದಿನ ಅದೇ ಹೊತ್ತಿಗೆ ಅದೇ ಗುರುತು, ಒಂದಿಷ್ಟು ದೊಡ್ಡದಾಗಿ. ಮೂರನೆಯ ದಿನ ಇನ್ನೂ ಒಂದಿಷ್ಟು. ಫರ್ಲಾಂಗು ಆಚೆಯ ಹೆಜ್ಜೆ ಈ ಕಾಗದಕ್ಕೆ ಬರುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಇದು ಬರುತ್ತಿದ್ದದ್ದು ಮೈಲುಗಟ್ಟಲೆ ಆಚೆಯಿಂದ, ದಿನಕ್ಕೆ ಒಂದು ದಿನದ ದಾರಿಯಷ್ಟು ಹತ್ತಿರವಾಗುತ್ತ. ನಾಲ್ಕನೆಯ ದಿನ ಗುರುತು ಮೂಡುವಾಗ ಅವನು ಉರುಳೆಯ ಎದುರಿಗೇ ಕೂತಿದ್ದ. ಸೂಜಿ ನಡುಗಿದಾಗ ಅಂಗಾಲಿನಲ್ಲಿ ಚಳಿ ಹತ್ತಿ ಬೆನ್ನಿಗೇರಿತು. ಹೊರಗಿನ ಬಿಸಿಲು ನೋಡಿದರೆ ನಗು ಬರಬೇಕು, ಅವನ ಹಲ್ಲು ಕಟಕಟ ಅನ್ನುತ್ತಿದ್ದವು.

ಜಂಬಮ್ಮ ದಿನಾ ಮಧ್ಯಾಹ್ನ ರೊಟ್ಟಿ ಗಂಟು ತಂದು ಬಾಗಿಲಾಚೆ ಇಟ್ಟು ಹೋಗುತ್ತಿದ್ದಳು. ಐದನೆಯ ದಿನ ಇಟ್ಟವಳು ಹೋಗಲಿಲ್ಲ. ಗದ್ದೆಪ್ಪನಿಂದ ಸುದ್ದಿಯಿಲ್ಲ, ಕಟ್ಟೆಯ ಮೇಲೆ ಅಪ್ಪ ಕೂಡುವ ಜಾಗದಲ್ಲಿ ನಾಯಿ ಮಲಗುತ್ತಿಲ್ಲ, ಬಳಸಿಕೊಂಡು ಹೋಗುತ್ತಿದೆ ಅಂದಳು. ಒಂದೇ ಒಂದು ಸಲ ಓಗಲ್ಲು ಬಡಿದು ಬರಲಾ ಎಂದು ಕೇಳಿದಳು. ಕನಕಪ್ಪ ಬಾಗಿಲು ಹಿಡಿದು ನಿಂತಿದ್ದ. ಒಳಗಿನ ಕಾಗದ ಅವಳಿಗೆ ಕಾಣಬಾರದೆಂದು. ಇನ್ನು ಐದು ದಿನ ತಡೆ ಯವ್ವಾ ಅಂದ.

"ನಿನ್ನ ಕಾಗದದಾಗ ಏನು ಬರಾಕತ್ತದ?" ಎಂದು ಕೇಳಿದಳು.

"ನೀರು," ಅಂದ ಕನಕಪ್ಪ.

ಆರನೆಯ ದಿನ ಜೀಪು ದೂರ ನಿಲ್ಲಿಸಿ ಹನುಮಂತ್ರಾಯರು ನಡೆದುಕೊಂಡು ಬಂದರು. ಐದೂ ಕಾಗದ ಹಾಸಿ ತೋರಿಸಿದ. ಅವರು ಬಗ್ಗಿ ನೋಡಿದರು, ಬೆವರು ಒರೆಸಿಕೊಂಡು ಮತ್ತೆ ನೋಡಿದರು. ಇದು ನಮ್ಮಪ್ಪನ ನಡಿಗೆ, ಅವನಿಗೆ ಏನೋ ಆಗಿದೆ, ಒಂದು ದಿನ ರಜೆ ಕೊಡಿ, ಮಾನ್ವಿಗೆ ಹೋಗಿ ಬರುತ್ತೇನೆ ಎಂದು ಕೇಳಿಕೊಂಡ. ಹೋಗುವುದು ಬೇಡವೆಂದರೆ ಮೂರು ಪೆಟ್ಟು ಹೊಡೆಯಲಾದರೂ ಬಿಡಿ ಅಂದ. ಹನುಮಂತ್ರಾಯರ ಮುಖ ಸುಣ್ಣವಾಗಿತ್ತು. ಅಂಥ ವಿದ್ಯಾವಂತರು ಇದನ್ನೆಲ್ಲ ಮೂಢನಂಬಿಕೆ ಎಂದು ಬಯ್ಯಲಿಲ್ಲವಲ್ಲ ಎಂದು ಕನಕಪ್ಪನಿಗೆ ಆಗ ಹೊಳೆಯಲಿಲ್ಲ.

"ನಾನೂ ಈ ಸೀಮಿಯವನ ಇದ್ದೀನಿ, ಓಗಲ್ಲು ನನಗೂ ಗೊತ್ತದ," ಅಂದರು. "ಆದ್ರ ಈ ಕಾಗದದ ಮ್ಯಾಲಿಂದು ನಿಂದೂ ಅಲ್ಲ, ನಂದೂ ಅಲ್ಲ. ದೇಶದ್ದು. ನಾಕು ದಿನ ತಡಕೋ ಕನಕಪ್ಪ. ಕಟ್ಟಡ ಬರತದ, ನಿನ್ನಂಥ ನೂರು ಹುಡುಗ್ರು ಓದತಾರ."

ಅಂದು ಹೋದರು. ಕನಕಪ್ಪ ತಡೆದುಕೊಂಡ. ಏಳು ಕಳೆಯಿತು, ಎಂಟು ಕಳೆಯಿತು. ಎಂಟನೆಯ ದಿನದ ಹೆಜ್ಜೆ ಹಟ್ಟಿಯ ಹೊಲದಂಚಿಗೆ ಬಂದಷ್ಟು ದೊಡ್ಡದಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಕನಕಪ್ಪ ಗಟ್ಟಿ ಮನಸ್ಸು ಮಾಡಿದ. ಸೀಟು ಹಾಳಾಗಲಿ, ಹತ್ತಿ ಹೊಡೆದೇಬಿಡುತ್ತೇನೆ. ನೆತ್ತಿಗೆ ಹತ್ತಲು ಐದು ನಿಮಿಷ ಸಾಕು. ಹನ್ನೆರಡಕ್ಕೆ ಹೊರಡಬೇಕು. ಹೊರಟ ಕೂಡ. ಬಾಗಿಲಿಗೆ ಬಂದವನು ಒಮ್ಮೆ ತಿರುಗಿ ಉರುಳೆ ನೋಡಿದ. ಅದು ಅವನಿಗೆ ಹತ್ತಿದ್ದ ಚಟ. ಸೂಜಿ ಅಲುಗತೊಡಗಿತ್ತು. ಇವತ್ತು ಭೂತಗನ್ನಡಿ ಬೇಕಿರಲಿಲ್ಲ. ದೊಡ್ಡದು, ಗಿಡ್ಡದು, ಚುಕ್ಕೆ. ಕಾಗದದಿಂದ ಮಸಿ ಉದುರುತ್ತಿತ್ತು. ಹೆಜ್ಜೆ ಬಾವಿ ದಾಟಿತು, ಹಟ್ಟಿಯ ಬೇಲಿ ದಾಟಿತು, ಅವನು ಎಣಿಸುತ್ತ ನಿಂತ. ಹೆಜ್ಜೆ ನೀರಿನ ಮನೆಯ ಬಾಗಿಲಿಗೆ ಬಂದು ನಿಂತಿತು. ಸೂಜಿ ಕಲ್ಲಾಯಿತು.

ಬಾಗಿಲು ತೆರೆದೇ ಇತ್ತು. ಹೊಸ್ತಿಲ ಆಚೆ ಬಿಳಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆದರೆ ಕಂಬಳಿಯ ವಾಸನೆ ಬಂತು, ಕುರಿಯ ಹಿಕ್ಕೆ, ಎಲೆಯಡಕೆ, ಬೆವರು ಎಲ್ಲ ಕೂಡಿದ ಅಪ್ಪನ ಕಂಬಳಿಯ ವಾಸನೆ. ಹೊಸ್ತಿಲ ಪಕ್ಕದಲ್ಲೇ ಅಂಗೈ ತುಂಬುವ ಕಲ್ಲುಗಳು ಬಿದ್ದಿದ್ದವು. ನೆತ್ತಿಗೆ ಹೋಗಲಾಗದಿದ್ದರೂ ಒಂದನ್ನೆತ್ತಿ ಅದೇ ಬಂಡೆಗೆ ಮೂರು ಸಲ ಹೊಡೆದಿದ್ದರೆ ಸಾಕಾಗುತ್ತಿತ್ತು. ಯಪ್ಪಾ ಎಂದು ಕೂಗಿದ್ದರೂ ಸಾಕಾಗುತ್ತಿತ್ತೋ ಏನೋ. ಕನಕಪ್ಪನ ಕೈಯಲ್ಲಿ ಕಲ್ಲಿರಲಿಲ್ಲ. ಯಾವಾಗ ಎತ್ತಿಕೊಂಡನೋ, ಗಡಿಯಾರವಿತ್ತು. ಸೂಜಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಿದ್ದ. ಎರಡು ವರ್ಷ ಅವನಿಗೆ ಕಲಿಸಿದ್ದು ಅದನ್ನೇ: ನೋಡು, ಅಳೆ, ಕೈ ಹಾಕಬೇಡ.

ಆಮೇಲೆ ಸೂಜಿ ಮತ್ತೆ ಅಲುಗಿತು. ದೊಡ್ಡದು, ಗಿಡ್ಡದು, ಚುಕ್ಕೆ. ಸಣ್ಣಗಾಗುತ್ತ, ಸಣ್ಣಗಾಗುತ್ತ ಕೃಷ್ಣೆಯ ಕಡೆ ಹೋಯಿತು.

ಹತ್ತನೆಯ ದಿನ ಸಂಜೆ ದಿಲ್ಲಿಯ ಅವಧಿ ಮುಗಿದದ್ದೇ ತಡ, ಹನುಮಂತ್ರಾಯರು ಜೀಪನ್ನು ನೇರ ಹಟ್ಟಿಯೊಳಗೆ ತಂದರು. ಹಿಂದಿನ ಸೀಟಿನಿಂದ ಒಂದು ಕಂಬಳಿ, ಒಂದು ಕೋಲು ಇಳಿಸಿದರು. ಮಾನ್ವಿ ಹತ್ತಿರದ ಹೊಲದಲ್ಲಿ, ಕುರಿ ತರುಬಿದಲ್ಲೇ, ಪರಮಣ್ಣ ಹಾವು ಕಚ್ಚಿ ಸತ್ತಿದ್ದ, ಅಲ್ಲೇ ಮಣ್ಣು ಮಾಡಿದ್ದರು. ಗದ್ದೆಪ್ಪ ಕುರಿ ಬಿಟ್ಟು ಬರುವಂತಿರಲಿಲ್ಲ. ಆ ಹೊಲದ ಮೌಲಾಹುಸೇನ ಎಂಬ ಮುದುಕ, ಗುರುತಿಲ್ಲ ಬಂಧುವಲ್ಲ, ಕಂಬಳಿ ಕೋಲು ಹೊತ್ತುಕೊಂಡು ಸುದ್ದಿ ತಂದಿದ್ದ. ಬಿದಿರಿನ ಅಡ್ಡದಲ್ಲಿ ಕಾವಲುಗಾರರು ಅವನನ್ನು ತಡೆದು, ಕಾಲೇಜಿನ ಸಾಹೇಬರಿಗೆ, ಎಂದರೆ ಹನುಮಂತ್ರಾಯರಿಗೆ, ಒಪ್ಪಿಸಿದ್ದರು. ಸಾಹೇಬರು ತಾವು ಹೇಳುತ್ತೇವೆಂದು ಅವನನ್ನು ಹಿಂದಕ್ಕೆ ಕಳಿಸಿದ್ದರು. ಅದು ಮೂರನೆಯ ದಿನ. ಹಟ್ಟಿಗೆ ತಿಳಿದರೆ ಕಲ್ಲು ಬಡಿಯದೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆರನೆಯ ದಿನ ಅವರು ಕಾಗದದ ಮೇಲೆ ಬಗ್ಗಿ ನೋಡುತ್ತಿದ್ದಾಗಲೂ ಆ ಕೋಲು ಜೀಪಿನಲ್ಲೇ ಇತ್ತು.

ಕನಕಪ್ಪ ಅವರನ್ನು ಬಯ್ಯಬೇಕೆಂದುಕೊಂಡ. ಅವರು ಒಬ್ಬರ ಬಾಯಿಂದ ಕೇಳಿ ಮುಚ್ಚಿಟ್ಟಿದ್ದರು. ಇವನು ಕಣ್ಣಾರೆ ಕಂಡು ಮುಚ್ಚಿಟ್ಟಿದ್ದ. ಬಯ್ಯುವುದಕ್ಕೆ ಯಾವ ಮುಖ?

ಜಂಬಮ್ಮ ಅಳುವುದಕ್ಕೂ ನಿಲ್ಲದೆ ಗುಡ್ಡ ಹತ್ತಿದಳು. ಎರಡು ಜೋಡಿ, ಒಂದು ತಡೆದು. ಕೈ ಸೋಲುವ ತನಕ ಹೊಡೆದಳು, ಮಾರನೆಯ ದಿನವೂ ಹೊಡೆದಳು. ಹೊಡೆದದ್ದೆಲ್ಲ ನೀರಿನ ಮನೆಯ ಕಾಗದದಲ್ಲಿ ಅಚ್ಚುಕಟ್ಟಾಗಿ ಮೂಡಿತು. ಅದಕ್ಕೆ ಉತ್ತರವಾಗಿ ಯಾವ ಹೆಜ್ಜೆಯೂ ಮೂಡಲಿಲ್ಲ.

ದಿಲ್ಲಿಯಿಂದ ಮೆಚ್ಚುಗೆಯ ಪತ್ರ ಬಂತು. ಅವರು ಕಾದದ್ದು ಆಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಇಷ್ಟು ನಿಶ್ಶಬ್ದದ ಜಾಗ ಬೇರೆಲ್ಲೂ ಇಲ್ಲ ಎಂದು ಮಾತ್ರ ಬರೆದಿದ್ದರು. ಒಂಬತ್ತು ಕಾಗದಗಳು ಪೆಟ್ಟಿಗೆಯಲ್ಲಿ ಹೋದವು, ತಿರುಗಿ ಬರಲಿಲ್ಲ. ರಾಯಚೂರಿನಲ್ಲಿ ಕಟ್ಟಡ ಎದ್ದಿತು. ಕನಕಪ್ಪನಿಗೆ ಸೀಟು ಸಿಕ್ಕಿತು, ಡಾಕ್ಟರೇಟು ಸಿಕ್ಕಿತು, ಅದೇ ಕಟ್ಟಡದಲ್ಲಿ ಮೇಷ್ಟ್ರ ಕುರ್ಚಿ ಸಿಕ್ಕಿತು. ಕೊಟ್ಟ ಮಾತಿಗೆ ಯಾರೂ ತಪ್ಪಲಿಲ್ಲ. ಬಂಡಿಹಟ್ಟಿಯಲ್ಲಿ ನೀರು ಸಿಗಲಿಲ್ಲ ಅನ್ನುವುದೊಂದು ಬಿಟ್ಟರೆ.

1988ರಲ್ಲಿ ಆ ಕಟ್ಟಡದ ನೆಲಮಾಳಿಗೆಯಲ್ಲೂ ಒಂದು ಯಂತ್ರ ಹೂಡಿದರು. ಮಾಘ ಬಂತು. ವಿದ್ಯಾರ್ಥಿಯೊಬ್ಬ ಕಾಗದ ತಂದು, ಸರ್ ದಿನಾ ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಇದು ಬರುತ್ತಿದೆ, ಲಾರಿ ಇರಬಹುದಾ ಎಂದು ಕೇಳಿದ. ದೇವಸುಗೂರಿನ ದಿಕ್ಕಿನಿಂದ, ಹೊಳೆಯ ಗುಂಟ ಬಂದು, ಊರ ಹೊರಗಿನಿಂದ ಹಾದು ಹೋಗುತ್ತಿತ್ತು. ದೊಡ್ಡದು, ಗಿಡ್ಡದು, ಚುಕ್ಕೆ. ಹತ್ತಿರ ಬರುತ್ತಿರಲಿಲ್ಲ, ನಿಲ್ಲುತ್ತಿರಲಿಲ್ಲ. ಸ್ಥಳೀಯ ಸದ್ದು ಎಂದು ಬರೆದುಕೋ ಅಂದ ಕನಕಪ್ಪ, ಅವನ ಕಡೆ ನೋಡದೆ. ಆ ಮಧ್ಯಾಹ್ನವೇ ದೇವದುರ್ಗದ ಬಸ್ಸು ಹತ್ತಿದ.

ಜಂಬಮ್ಮ ಒಲೆಯ ಮುಂದಿದ್ದಳು. ಕನಕಪ್ಪ ಮೂಲೆಯಲ್ಲಿ ಕೂತು ಎಲ್ಲ ಹೇಳಿದ. ಅಲ್ಲಿ ಹುಡುಕುತ್ತಿದ್ದದ್ದು ನೀರಲ್ಲ ಅಂದಾಗ ಅವಳು ಅದು ತನಗೆ ಎಂದೋ ಗೊತ್ತು ಎಂಬಂತೆ ತಲೆಯಾಡಿಸಿ, ಹೆಂಚಿನ ಮೇಲೆ ರೊಟ್ಟಿ ಹಾಕಿದಳು. ಅಪ್ಪ ಒಂಬತ್ತು ದಿನ ನಡೆದು ಬಂದಿದ್ದ, ನಾನು ಕಾಗದದಲ್ಲಿ ನೋಡುತ್ತಿದ್ದೆ ಅಂದಾಗ ಅವಳ ಕೈ ನಿಂತಿತು.

"ಬಾಗಲಕ್ಕ ಬಂದು ನಿಂತಿದ್ನೇನು?"

"ನಿಂತಿದ್ದ."

"ಎಷ್ಟೊತ್ತು?"

"ನಲವತ್ತೊಂದು ಸೆಕೆಂಡು," ಅಂದ ಕನಕಪ್ಪ.

ಜಂಬಮ್ಮನಿಗೆ ಸೆಕೆಂಡಿನ ಲೆಕ್ಕ ತಿಳಿಯದು. ಅಂದರೆ ಎಷ್ಟು, ಎಣಿಸಿ ತೋರಿಸು ಅಂದಳು. ಕನಕಪ್ಪ ಬೆರಳಿನಿಂದ ನೆಲಕ್ಕೆ ಕುಟ್ಟುತ್ತ ಎಣಿಸತೊಡಗಿದ. ಒಂದು, ಎರಡು, ಮೂರು. ಹತ್ತು ದಾಟಿದಾಗ ಅವಳು ಕಣ್ಣು ಮುಚ್ಚಿದಳು. ಇಪ್ಪತ್ತಕ್ಕೆ ಅವನು ನಿಲ್ಲಿಸಿದ, ಎಣಿಸು ಅಂದಳು. ಎಣಿಸಿದ. ಮೂವತ್ತು ದಾಟಿತು, ಇನ್ನೂ ಇತ್ತು, ಇನ್ನೂ ಇತ್ತು. ನಲವತ್ತೊಂದಕ್ಕೆ ಬಂದು ಮುಟ್ಟುವಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಕರಕಾಗಿ ಮನೆ ತುಂಬ ಹೊಗೆ ಎದ್ದಿತ್ತು.

ಅವಳು ಕಣ್ಣು ತೆರೆದಳು. ಸುಟ್ಟ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು, ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಕಲ್ಲಿನ ಮೇಲೆ ಬಡಿಯತೊಡಗಿದಳು. ಎರಡು ಜೋಡಿ, ಒಂದು ತಡೆದು.